ಆಫೀಸಿನಲ್ಲಿ ಹೆಣ್ಣು-ಗಂಡು ಸಮಾನತೆ: ಗಂಡಸರು ಮಾಡಬೇಕಾದ ಕೆಲಸ, ಹಂತ ಹಂತವಾಗಿ

ಆರು ವರ್ಷದ ಹಿಂದಿನ ಮಾತು. ಆಗ ನಾನಿದ್ದ ಕಂಪನಿಗೆ ಪುಣೆಯಲ್ಲಿ ಮೂರು ತಿಂಗಳ ಒಂದು ಸೈಟ್ ಕೆಲಸ ಬಂತು. ನನ್ನ ತಂಡದಲ್ಲಿ ಆ ಕೆಲಸ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಒಬ್ಬ ಮಹಿಳಾ ಇಂಜಿನಿಯರ್‌ಗೆ. ಅವರಿಗೆ ಎರಡು ವರ್ಷದ ಮಗ. ಹೋಗುವವರ ಪಟ್ಟಿ ಮಾಡುವಾಗ ನಾನು, "ಪಾಪ, ಮಗು ಚಿಕ್ಕದು, ಅವರಿಗೆ ಯಾಕೆ ತೊಂದರೆ" ಅಂದುಕೊಂಡು ಇನ್ನೊಬ್ಬ ಹುಡುಗನ ಹೆಸರು ಬರೆದೆ. ಒಳ್ಳೆಯದನ್ನೇ ಮಾಡಿದೆ ಅನ್ನುವ ಸಮಾಧಾನ ಬೇರೆ. ಮುಂದಿನ ವರ್ಷ ಬಡ್ತಿ ಪಟ್ಟಿ ಬಂತು. ಆ ಹುಡುಗನ ಹೆಸರಿತ್ತು, ಅವರದ್ದು ಇರಲಿಲ್ಲ. ಕಾರಣದ ಜಾಗದಲ್ಲಿ "ಸೈಟ್ ಅನುಭವ ಇಲ್ಲ" ಎಂದಿತ್ತು. ಅವತ್ತು ಸಂಜೆ ಅವರು ನನ್ನ ಟೇಬಲ್ ಹತ್ತಿರ ಬಂದು ಹೇಳಿದರು: "ಸಾರ್, ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ವಾ? ನಮ್ಮಮ್ಮ ಮೂರು ತಿಂಗಳು ಬಂದು ಇರ್ತೀನಿ ಅಂದಿದ್ರು."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಯಾರನ್ನೂ ಬೈದಿರಲಿಲ್ಲ, ಬೇಕಂತ ಯಾರಿಗೂ ಅಡ್ಡಗಾಲು ಹಾಕಿರಲಿಲ್ಲ. ಆದರೂ ಒಬ್ಬರ ಬಡ್ತಿ ನನ್ನ ಕೈಯಿಂದಲೇ ತಪ್ಪಿತು. ಆಫೀಸಿನಲ್ಲಿ ತಾರತಮ್ಯ ಮಾಡುವವರು ಯಾರೋ ಕೆಟ್ಟ ಗಂಡಸರು ಅಂತ ಅಲ್ಲಿಯವರೆಗೂ ನಂಬಿದ್ದೆ. ಆಮೇಲೆ ಗೊತ್ತಾಯಿತು, ಜಾಸ್ತಿ ತಾರತಮ್ಯ ನಡೆಯುವುದು ನನ್ನಂಥವರು ಪಟ್ಟಿ ಬರೆಯುವಾಗ, ಮೀಟಿಂಗ್ ಇಡುವಾಗ, ಕೆಲಸ ಹಂಚುವಾಗ. ಯಾರೂ ಜೋರಾಗಿ ಮಾತಾಡದೆ, ನಗುನಗುತ್ತಲೇ ನಡೆದುಹೋಗುತ್ತದೆ.

ಅಂದಿನಿಂದ ಇಲ್ಲಿಯವರೆಗೆ ನಾನು ಕಲಿತದ್ದನ್ನು, ನನ್ನ ಜೊತೆ ಕೆಲಸ ಮಾಡಿದ ಹೆಂಗಸರು ಬಾಯಿಬಿಟ್ಟು ಹೇಳಿದ್ದನ್ನು ಇಲ್ಲಿ ಸಾಲಾಗಿ ಇಡುತ್ತಿದ್ದೇನೆ. ಇದಕ್ಕೆ ನೀವು ಮ್ಯಾನೇಜರ್ ಆಗಿರಬೇಕು ಅಂತೇನಿಲ್ಲ. ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ಇದರಲ್ಲಿ ಅರ್ಧ ಕೆಲಸ ಮಾಡಬಹುದು.

ಹಂತ 1: ಎರಡು ವಾರ ಸುಮ್ನೆ ನೋಡಿ, ಬರೆದುಕೊಳ್ಳಿ

ಮೊದಲೇ ಭಾಷಣಕ್ಕೆ ಹೊರಡಬೇಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಮೀಟಿಂಗ್‌ನಲ್ಲಿ ನಾಲ್ಕು ಸಂಗತಿ ಗುರುತು ಹಾಕಿ: ಯಾರು ಎಷ್ಟು ಸಲ ಮಾತಾಡಿದರು, ಯಾರ ಮಾತು ಮಧ್ಯಕ್ಕೆ ತುಂಡಾಯಿತು, ಯಾರು ಹೇಳಿದ ಐಡಿಯಾ ಕೊನೆಗೆ ಯಾರ ಹೆಸರಿಗೆ ಹೋಯಿತು, ಮೀಟಿಂಗ್ ಟಿಪ್ಪಣಿ ಯಾರು ಬರೆದರು.

ಹೀಗೆ ಬರೆಯೋಕೆ ಶುರು ಮಾಡುವ ಮೊದಲು ನಮ್ಮ ತಂಡದಲ್ಲಿ ಆ ತೊಂದರೆ ಇಲ್ಲ ಅಂತ ಆಣೆ ಮಾಡಿ ಹೇಳುತ್ತಿದ್ದೆ. ನಾವು 13 ಜನ, ಅದರಲ್ಲಿ 4 ಹೆಂಗಸರು. ಮೊದಲ ವಾರದ ಪುಟದಲ್ಲಿ ಮಾತು ತುಂಡಾದದ್ದಕ್ಕೆ 9 ಗೀಟು ಇದ್ದವು. ಅದರಲ್ಲಿ 7 ಆ ನಾಲ್ಕು ಜನರ ಹೆಸರಿನ ಮುಂದೆ. ಮಧ್ಯೆ ಬಾಯಿ ಹಾಕಿದವರ ಕಡೆ ನನ್ನ ಹೆಸರಿನ ಮುಂದೆಯೇ 3 ಗೀಟು. ನೆನಪು ನಮ್ಮ ಪರವಾಗಿ ಸುಳ್ಳು ಹೇಳುತ್ತದೆ, ಗೀಟು ಹೇಳುವುದಿಲ್ಲ. ಅದಕ್ಕೇ ಬರೆಯಬೇಕು.

ಈ ಪುಸ್ತಕವನ್ನು ಯಾರಿಗೂ ತೋರಿಸಬೇಡಿ. ಇನ್ನೊಬ್ಬರನ್ನು ಸಿಕ್ಕಿಹಾಕಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ.

ಹಂತ 2: ಕರೆಯುವ ರೀತಿ ಸರಿಮಾಡಿಕೊಳ್ಳಿ

ಕನ್ನಡದಲ್ಲಿ ಯಾರಿಗೆ ಎಷ್ಟು ಮರ್ಯಾದೆ ಅನ್ನುವುದು ಮಾತಿನ ತುದಿಯಲ್ಲೇ ಗೊತ್ತಾಗುತ್ತದೆ. ಒಂದೇ ವಯಸ್ಸಿನ, ಒಂದೇ ಹುದ್ದೆಯ ಇಬ್ಬರಿರುತ್ತಾರೆ. ಅವನಿಗೆ "ಏನ್ರೀ, ರಿಪೋರ್ಟ್ ಕಳಿಸಿದ್ರಾ?" ಅನ್ನುತ್ತೇವೆ. ಅವಳಿಗೆ "ಏನಮ್ಮಾ, ರಿಪೋರ್ಟ್ ಕಳಿಸಿದ್ಯಾ?" ಅನ್ನುತ್ತೇವೆ. ಸರ್ಕಾರಿ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ, ಎಲ್ಲಾ ಕಡೆ ಇದನ್ನು ಕೇಳಿದ್ದೇನೆ. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರಬಹುದು. ಆದರೆ ಅಮ್ಮ, ತಂಗಿ, ಪುಟ್ಟಿ ಅಂದಾಗ ಮನೆಯ ಲೆಕ್ಕಾಚಾರ ಆಫೀಸಿಗೆ ಬಂದುಬಿಡುತ್ತದೆ. ತಂಗಿಗೆ ಅಣ್ಣ ಬುದ್ಧಿ ಹೇಳಬಹುದು. ಅಣ್ಣನ ಲೆಕ್ಕದಲ್ಲಿ ತಂಗಿ ತಪ್ಪು ಹಿಡಿದರೆ ಮನೆಯಲ್ಲೇ ಒಪ್ಪುವುದಿಲ್ಲ, ಇನ್ನು ಆಫೀಸಿನಲ್ಲಿ ಒಪ್ಪುತ್ತಾರಾ?

ಮಾಡಬೇಕಾದ್ದು ಇಷ್ಟೇ. ಗಂಡಸರಿಗೆ ಬಹುವಚನ ಆದರೆ ಹೆಂಗಸರಿಗೂ ಬಹುವಚನ. ನಿಮ್ಮಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುವ ರೂಢಿ ಇದ್ದರೆ ಎಲ್ಲರಿಗೂ ಹೆಸರೇ. ಹೊರಗಿನವರಿಗೆ ಪರಿಚಯ ಮಾಡಿಸುವಾಗಲೂ ನೋಡಿಕೊಳ್ಳಿ. "ಇವರು ನಮ್ಮ ಸೀನಿಯರ್ ಡಿಸೈನ್ ಇಂಜಿನಿಯರ್, ಆ ಸೇತುವೆಯ ಡ್ರಾಯಿಂಗ್ ಇವರದ್ದೇ" ಅಂತ ಅವನನ್ನು ಪರಿಚಯಿಸಿ, "ಇವರು ನಮ್ಮ ಟೀಮಿನವರು" ಅಂತ ಅವಳನ್ನು ಮುಗಿಸಿಬಿಟ್ಟರೆ ಬಂದವರು ಇಡೀ ದಿನ ಅವನ ಮುಖ ನೋಡಿಕೊಂಡೇ ಮಾತಾಡುತ್ತಾರೆ.

ಹಂತ 3: ಮೀಟಿಂಗ್‌ನಲ್ಲಿ ಎರಡು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ

ಮಾತು ತುಂಡಾದಾಗ: "ಒಂದು ನಿಮಿಷ, ಅವರು ಹೇಳಿ ಮುಗಿಸಲಿ."

ಒಬ್ಬರ ಐಡಿಯಾ ಇನ್ನೊಬ್ಬರ ಬಾಯಲ್ಲಿ ಬಂದಾಗ: "ಇದನ್ನ ಆಗಲೇ ಅವರು ಹೇಳಿದ್ರಲ್ಲ, ಅವರೇ ಮುಂದುವರಿಸಲಿ."

ಇಷ್ಟು ಸಾಕು. ದನಿ ಏರಿಸಬೇಡಿ, ಮುಖ ಗಂಟು ಹಾಕಬೇಡಿ, ಹೇಳಿ ಸುಮ್ಮನಾಗಿ. ಆ ಹೊತ್ತಿಗೆ ತಕ್ಷಣ ಮಾತು ಹೊಳೆಯುವುದಿಲ್ಲ, ಅದಕ್ಕೇ ಮೊದಲೇ ಬಾಯಿಪಾಠ ಇರಬೇಕು. ನಾವು ಗಂಡಸರು ಇಲ್ಲಿ ಮಾಡುವ ಒಂದು ತಪ್ಪಿದೆ. ಸಹಾಯ ಮಾಡುತ್ತೇನೆ ಅಂತ "ಅವರು ಹೇಳ್ತಿರೋದು ಏನಂದ್ರೆ..." ಅಂತ ನಾವೇ ಶುರು ಮಾಡಿಬಿಡುತ್ತೇವೆ. ಆಗ ಮಾತು ಮತ್ತೆ ಗಂಡಸಿನ ಬಾಯಿಗೇ ಬಂದ ಹಾಗಾಯಿತು. ದಾರಿ ಬಿಡಿಸಿಕೊಟ್ಟರೆ ಸಾಕು, ನಡೆಯೋದು ಅವರಿಗೆ ಗೊತ್ತಿದೆ.

ಇನ್ನೊಂದು, ಮೀಟಿಂಗ್ ಮುಗಿದ ಮೇಲೆ ನಡೆಯುವ ಮೀಟಿಂಗ್. ಟೀ ಅಂಗಡಿ ಮುಂದೆ ಸಿಗರೇಟು ಹಿಡಿದುಕೊಂಡು, ಶುಕ್ರವಾರ ರಾತ್ರಿ ಪಾರ್ಟಿಯಲ್ಲಿ, ಭಾನುವಾರದ ಕ್ರಿಕೆಟ್ ಗುಂಪಿನ ವಾಟ್ಸಾಪ್‌ನಲ್ಲಿ. ಅಲ್ಲಿ ಮುಂದಿನ ಪ್ರಾಜೆಕ್ಟ್ ಯಾರಿಗೆ ಅನ್ನುವುದು ಅರ್ಧ ತೀರ್ಮಾನ ಆಗಿರುತ್ತದೆ. ಸ್ನೇಹ ಬೇಡ ಅಂತ ಹೇಳುತ್ತಿಲ್ಲ. ಕೆಲಸದ ಮಾತು ಬಂದ ಕೂಡಲೇ "ಇದನ್ನ ನಾಳೆ ಎಲ್ಲರೂ ಇದ್ದಾಗ ಮಾತಾಡೋಣ" ಅಂತ ನಿಲ್ಲಿಸಿ. ಮೊದಲ ಸಲ ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಮೂರನೇ ಸಲಕ್ಕೆ ರೂಢಿಯಾಗುತ್ತದೆ.

ಹಂತ 4: ಚಿಲ್ಲರೆ ಕೆಲಸಕ್ಕೆ ಸರದಿ ಹಾಕಿ

ಆಯುಧಪೂಜೆ ಬಂತು ಅಂದರೆ ರಂಗೋಲಿ ಯಾರು ಹಾಕೋದು? ಹೂ ತರಿಸೋದು, ಕುಂಕುಮದ ತಟ್ಟೆ ಜೋಡಿಸೋದು ಯಾರು? ನವೆಂಬರ್ 1ರಂದು ರಾಜ್ಯೋತ್ಸವಕ್ಕೆ ಅತಿಥಿ ಬಂದರೆ ಹಳದಿ-ಕೆಂಪು ಸೀರೆ ಉಟ್ಟು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲುವವರು ಯಾರು? ಹುಟ್ಟುಹಬ್ಬದ ಕೇಕು, ಬೀಳ್ಕೊಡುಗೆಗೆ ದುಡ್ಡು ಸೇರಿಸೋದು, ಶಾಲು ತರೋದು? ನಿಮ್ಮ ಆಫೀಸಿನಲ್ಲಿ ಇವುಗಳ ಉತ್ತರ ಬರೆದು ನೋಡಿ.

ನಲವತ್ತು ಜನರ ಹತ್ತಿರ ತಲಾ ಇನ್ನೂರು ರೂಪಾಯಿ ವಸೂಲಿ ಮಾಡಿ, ಲೆಕ್ಕ ಇಟ್ಟು, ಉಡುಗೊರೆ ತರುವಷ್ಟರಲ್ಲಿ ಒಂದು ಅರ್ಧ ದಿನವೇ ಹೋಗುತ್ತದೆ. ಆ ಅರ್ಧ ದಿನ ಯಾರ ವರ್ಷದ ಮೌಲ್ಯಮಾಪನದಲ್ಲೂ ಕಾಣಿಸುವುದಿಲ್ಲ. ಅದೇ ಅರ್ಧ ದಿನದಲ್ಲಿ ಪಕ್ಕದ ಸೀಟಿನವನು ತನ್ನ ಕೆಲಸ ಮುಗಿಸಿರುತ್ತಾನೆ. "ಹೆಣ್ಣುಮಕ್ಕಳಿಗೆ ಇದೆಲ್ಲ ಇಷ್ಟ" ಅನ್ನಬೇಡಿ. ಇಷ್ಟವಿದ್ದವರೂ ಇರುತ್ತಾರೆ. ಆದರೆ ಇಷ್ಟವಾ ಅಂತ ನಾವು ಕೇಳಿದ್ದು ಯಾವಾಗ?

ಸರದಿ ಪಟ್ಟಿ ಮಾಡಿ, ಕ್ಯಾಲೆಂಡರಿಗೆ ಹಾಕಿ. ಟಿಪ್ಪಣಿ ಬರೆಯುವುದೂ ಹೆಸರಿನ ಅಕ್ಷರ ಪ್ರಕಾರ ಸರದಿಯಲ್ಲಿ ಬರಲಿ. "ಅವರ ಅಕ್ಷರ ಚೆನ್ನಾಗಿದೆ" ಅನ್ನುವ ನೆಪ ಬೇಡ, ಈಗ ಎಲ್ಲರೂ ಟೈಪ್ ಮಾಡುವವರೇ. ನಮ್ಮಲ್ಲಿ ಕಳೆದ ಆಯುಧಪೂಜೆಗೆ ಇಬ್ಬರು ಹುಡುಗರು ಏಳು ಚುಕ್ಕಿಯ ರಂಗೋಲಿ ಹಾಕಿದರು. ಚೆನ್ನಾಗಿಯೇ ಬಂದಿತ್ತು.

ಹಂತ 5: ಅವರ ಬದಲು ನೀವು ತೀರ್ಮಾನ ಮಾಡಬೇಡಿ, ಕೇಳಿ

ಪುಣೆಯ ಕಥೆ ಮೊದಲೇ ಹೇಳಿದ್ದು ಈ ಕಾರಣಕ್ಕೆ. ನನ್ನ ಅನುಭವದಲ್ಲಿ ಹೆಂಗಸರ ನೌಕರಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲೇ. "ಮಗು ಚಿಕ್ಕದು", "ಹೊಸದಾಗಿ ಮದುವೆಯಾಗಿದೆ", "ರಾತ್ರಿ ಪಾಳಿಗೆ ಮನೆಯವರು ಒಪ್ಪಲ್ಲ". ಇಷ್ಟೂ ಮಾತು ಅವರಿಲ್ಲದ ಕೋಣೆಯಲ್ಲಿ ಆಗುತ್ತವೆ.

ಇದೇನು ಹೊಸದಲ್ಲ. ನಮ್ಮ ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದರು. ಆ ಸೇವೆಗೆ ಬಂದ ಮೊದಲ ಮಹಿಳೆ ಅವರು. ಆಗಿನ ನಿಯಮ ಹೇಗಿತ್ತು ಗೊತ್ತಾ? ಆ ಸೇವೆಯಲ್ಲಿರುವ ಹೆಣ್ಣು ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಬೇಕಿತ್ತು. ಆದ ಮೇಲೆ ಸಂಸಾರದಿಂದ ಕೆಲಸಕ್ಕೆ ತೊಂದರೆ ಅಂತ ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಇದ್ಯಾವುದೂ ಇಲ್ಲ. ಬಡ್ತಿ ತಪ್ಪಿಸಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡ ಬರುತ್ತದೆ ಅನ್ನುವುದಾದರೆ ಗಂಡಿನ ಕೆಲಸಕ್ಕೂ ಬರಬಹುದಲ್ಲ ಅನ್ನುವುದು ಅವರ ಮಾತಿನ ತಿರುಳು. ನಿಯಮ ಪುಸ್ತಕದಿಂದ ಹೋಯಿತು. ನಮ್ಮ ತಲೆಯಿಂದ ಇನ್ನೂ ಹೋಗಿಲ್ಲ. ನಾನು ಪುಣೆ ಪಟ್ಟಿಯಲ್ಲಿ ಮಾಡಿದ್ದೂ ಅದನ್ನೇ ಅಲ್ವಾ?

ಸಂದರ್ಶನದಿಂದ ಶುರು ಮಾಡಿ. "ಮದುವೆ ಯಾವಾಗ?", "ಯಜಮಾನರು ಎಲ್ಲಿ ಕೆಲಸದಲ್ಲಿದ್ದಾರೆ?", "ಮಕ್ಕಳು?" ಇವನ್ನು ಗಂಡಸು ಬಂದಾಗ ಕೇಳುತ್ತೀರಾ? ಇಲ್ಲ ಅಂದರೆ ಹೆಂಗಸರಿಗೂ ಬೇಡ. ನಿಮಗೆ ನಿಜವಾಗಿ ಬೇಕಾದ ಮಾಹಿತಿ ಕೆಲಸದ್ದು. ಅದನ್ನೇ ಕೇಳಿ: "ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಹೋಗಿಬರಬೇಕಾಗುತ್ತೆ, ನಿಮಗೆ ಆಗುತ್ತಾ?" ಬಂದವರಿಗೆಲ್ಲ ಅದೇ ಪ್ರಶ್ನೆ, ಅದೇ ಸಾಲಿನಲ್ಲಿ. ಜೊತೆಗೆ ಕುಳಿತವರು ಬೇರೆ ಪ್ರಶ್ನೆ ಎತ್ತಿದರೆ "ಅದು ಬೇಡ ಸಾರ್, ಮುಂದಿನದ್ದಕ್ಕೆ ಹೋಗೋಣ" ಅನ್ನಿ.

ಕೆಲಸ ಹಂಚುವಾಗ ಕಷ್ಟದ ಕೆಲಸ, ಹೊರಗಿನ ಕೆಲಸ, ದೊಡ್ಡವರ ಕಣ್ಣಿಗೆ ಬೀಳುವ ಕೆಲಸ ಯಾರಿಗೆ ಹೋಗುತ್ತಿದೆ ಅಂತ ಒಂದು ವರ್ಷದ್ದು ಹಿಂದಕ್ಕೆ ತಿರುಗಿಸಿ ನೋಡಿ. ಬಡ್ತಿ ಹುಟ್ಟುವುದು ಅಲ್ಲಿಂದ. ಅರ್ಹತೆ ಇರುವವರಿಗೆಲ್ಲ ಕೇಳಿ, ಯೋಚಿಸೋಕೆ ಎರಡು ದಿನ ಕೊಡಿ. ಅವರು ಬೇಡ ಅಂದರೆ ಸರಿ, ಆ ತೀರ್ಮಾನ ಅವರದ್ದಾಯಿತು. ಆದರೆ ಒಂದು ಸಲ ಬೇಡ ಅಂದರು ಅಂತ ಮುಂದಿನ ಸಲ ಕೇಳೋದು ಬಿಡಬೇಡಿ. ಎರಡು ವರ್ಷದ ಮಗು ನಾಲ್ಕು ವರ್ಷದ್ದಾಗಿರುತ್ತದೆ.

ವರ್ಷದ ಮೌಲ್ಯಮಾಪನ ಬರೆಯುವಾಗ ಇನ್ನೊಂದು ಪರೀಕ್ಷೆ. ಗಂಡಸು ಗಟ್ಟಿಯಾಗಿ ಮಾತಾಡಿದರೆ "ಖಡಕ್ ಮನುಷ್ಯ" ಅನ್ನುತ್ತೇವೆ. ಹೆಂಗಸು ಅದೇ ದನಿಯಲ್ಲಿ ಅದೇ ಮಾತಾಡಿದರೆ "ಸ್ವಲ್ಪ ಜೋರು" ಅನ್ನುತ್ತೇವೆ. ಬೆನ್ನ ಹಿಂದೆ "ಬಜಾರಿ" ಅನ್ನುವವರೂ ಇದ್ದಾರೆ. ಬರೆದದ್ದನ್ನು ಒಮ್ಮೆ ಹೆಸರು ಬದಲಿಸಿ ಓದಿ. ಅದೇ ವಾಕ್ಯವನ್ನು ಗಂಡಸಿನ ಬಗ್ಗೆ ಬರೆಯುತ್ತಿರಲಿಲ್ಲ ಅನಿಸಿದರೆ ಹೊಡೆದುಹಾಕಿ, ಆ ಜಾಗದಲ್ಲಿ ಅವರು ಮಾಡಿದ ಕೆಲಸ ಬರೆಯಿರಿ. ಏನು ಮಾಡಿದರು, ಯಾವಾಗ ಮುಗಿಸಿದರು, ಎಷ್ಟು ಉಳಿಯಿತು. "ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾರೆ" ಅನ್ನುವ ಹೊಗಳಿಕೆಯಿಂದ ಯಾರಿಗೂ ಬಡ್ತಿ ಸಿಕ್ಕಿದ್ದನ್ನು ನಾನು ನೋಡಿಲ್ಲ.

ಹಂತ 6: ಸಂಬಳದ ಮಾತು ಮುಚ್ಚಿಡಬೇಡಿ

ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನುವುದು ಸಂವಿಧಾನದ 39ನೇ ವಿಧಿಯಲ್ಲೇ ಇದೆ. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಈಗ ಅದರ ಜಾಗಕ್ಕೆ ಬಂದಿರುವ ವೇತನ ಸಂಹಿತೆಯೂ ಹೆಣ್ಣು ಗಂಡು ಅಂತ ಸಂಬಳದಲ್ಲಿ ಭೇದ ಮಾಡಬಾರದು ಅನ್ನುತ್ತದೆ. ಆದರೂ ವ್ಯತ್ಯಾಸ ಉಳಿಯುವುದಕ್ಕೆ ಒಂದು ಸಾದಾ ಕಾರಣವಿದೆ. ಹೊಸಬರಿಗೆ ಸಂಬಳ ಗೊತ್ತುಮಾಡುವಾಗ "ಹಿಂದಿನ ಕಡೆ ಎಷ್ಟಿತ್ತು?" ಅಂತ ಕೇಳಿ ಅದರ ಮೇಲೆ ಇಷ್ಟು ಪರ್ಸೆಂಟ್ ಹಾಕುತ್ತಾರೆ. ಹಿಂದಿನ ಕಡೆ ಕಮ್ಮಿ ಕೊಟ್ಟಿದ್ದರೆ, ಮಗುವಿಗಾಗಿ ಎರಡು ವರ್ಷ ಕೆಲಸ ಬಿಟ್ಟಿದ್ದರೆ, ಆ ಕೊರತೆ ಮುಂದಿನ ಎಲ್ಲ ಕೆಲಸಕ್ಕೂ ಬೆನ್ನು ಹತ್ತಿ ಬರುತ್ತದೆ.

ನಿಮ್ಮ ಕೈಯಲ್ಲಿ ಅಧಿಕಾರ ಇದ್ದರೆ ಸಂಬಳವನ್ನು ಹುದ್ದೆಗೆ ಗೊತ್ತುಮಾಡಿ, ಹಿಂದಿನ ಸಂಬಳಕ್ಕಲ್ಲ. ವರ್ಷಕ್ಕೊಮ್ಮೆ ಒಂದೇ ಹುದ್ದೆಯವರನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡಿ. ಅಧಿಕಾರ ಇಲ್ಲದಿದ್ದರೆ ಇನ್ನೂ ಸುಲಭದ ಕೆಲಸವಿದೆ: ನಿಮ್ಮಷ್ಟೇ ಅನುಭವದ ಮಹಿಳಾ ಸಹೋದ್ಯೋಗಿ ಕೇಳಿದರೆ ನಿಮ್ಮ ಸಂಬಳ ನಿಜವಾಗಿ ಎಷ್ಟು ಅಂತ ಹೇಳಿ. ಮೇಲಿನವರ ಹತ್ತಿರ ಎಷ್ಟು ಕೇಳಬೇಕು ಅನ್ನುವ ಅಂದಾಜು ಅವರಿಗೆ ಅದರಿಂದಲೇ ಸಿಗುತ್ತದೆ.

ಹಂತ 7: ಹೆರಿಗೆ ರಜೆಗೆ ಮುಂಚೆ, ಆಮೇಲೆ

ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುವಿಹಾರದ ಸೌಲಭ್ಯ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು. ಕಾನೂನು ಇಷ್ಟು ಕೊಟ್ಟಿದೆ. ಉಳಿದದ್ದು ಜೊತೆಯವರ ಕೈಯಲ್ಲಿದೆ.

ರಜೆಗೆ ಹೋಗುವ ಮುಂಚೆ ಕೂತು ಮಾತಾಡಿ. ಯಾವ ಕೆಲಸ ಯಾರಿಗೆ ಹೋಗುತ್ತದೆ, ವಾಪಸ್ ಬಂದ ಮೇಲೆ ಯಾವುದು ಅವರಿಗೇ ಬರುತ್ತದೆ ಅನ್ನುವುದನ್ನು ಇಮೇಲ್‌ನಲ್ಲಿ ಬರೆದಿಡಿ. ರಜೆಯಲ್ಲಿ ಫೋನ್ ಮಾಡಿ ಫೈಲ್ ಎಲ್ಲಿದೆ ಅಂತ ಕೇಳಬೇಡಿ. ಆ ವರ್ಷದ ಮೌಲ್ಯಮಾಪನದಲ್ಲಿ ಕೆಲಸ ಮಾಡಿದ ತಿಂಗಳುಗಳನ್ನಷ್ಟೇ ಅಳೆಯಿರಿ. ಆರು ತಿಂಗಳಲ್ಲಿ ಆರು ತಿಂಗಳ ಕೆಲಸ ಮಾಡಿದವರಿಗೆ "ಸಾಧಾರಣ" ಅಂತ ಹಾಕುವುದು ಅನ್ಯಾಯ.

ವಾಪಸ್ ಬಂದ ಮೊದಲ ದಿನ ತುಂಬಾ ಮುಖ್ಯ. ನಮ್ಮ ಒಬ್ಬ ಸಹೋದ್ಯೋಗಿ ಏಳನೇ ತಿಂಗಳಿಗೆ ಬಂದಾಗ ಅವರ ಸೀಟಿನಲ್ಲಿ ಬೇರೆಯವರಿದ್ದರು, ಲಾಗಿನ್ ಕೆಲಸ ಮಾಡುತ್ತಿರಲಿಲ್ಲ. ಎದೆಹಾಲು ತೆಗೆಯೋಕೆ ಜಾಗ ಇಲ್ಲದೆ ಟಾಯ್ಲೆಟ್‌ಗೆ ಹೋಗಿ ಕೂತು ಬಂದರು. ಅವರು ಯಾರಿಗೂ ಹೇಳಲಿಲ್ಲ, ನಮಗೆ ಗೊತ್ತಾದದ್ದು ವರ್ಷದ ಮೇಲೆ. ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಕೋಣೆ, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್, ಫ್ರಿಡ್ಜ್‌ನಲ್ಲಿ ಒಂದು ಮೂಲೆ. ಇದನ್ನು ಅವರು ಬಂದು ಕೇಳುವ ಮೊದಲೇ ನೀವು ಆಡಳಿತ ವಿಭಾಗಕ್ಕೆ ಬರೆದು ಮಾಡಿಸಿಡಿ.

ಇನ್ನು ಅಪ್ಪಂದಿರ ರಜೆ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ. ಖಾಸಗಿಯವರಿಗೆ ಕಾನೂನು ಕಡ್ಡಾಯ ಮಾಡಿಲ್ಲ, ಆದರೂ ಹಲವು ಕಂಪನಿಗಳು ಕೊಡುತ್ತವೆ. ಎಷ್ಟಿದೆಯೋ ಅಷ್ಟನ್ನೂ ತೆಗೆದುಕೊಳ್ಳಿ. ಮೇಲಿನ ಹುದ್ದೆಯವರು ತೆಗೆದುಕೊಂಡರೆ ಕೆಳಗಿನ ಹುಡುಗರಿಗೂ ಧೈರ್ಯ ಬರುತ್ತದೆ. ಮಗು ಹುಟ್ಟಿದರೆ ಗಂಡಸೂ ರಜೆ ಹಾಕುತ್ತಾನೆ ಅನ್ನುವುದು ಮಾಮೂಲಿ ಆದ ದಿನ, "ಹೆಣ್ಣನ್ನ ತೆಗೆದುಕೊಂಡರೆ ರಜೆ ಹಾಕ್ತಾಳೆ" ಅನ್ನುವ ಮಾತಿಗೆ ಬೆಲೆ ಇರುವುದಿಲ್ಲ.

ಹಂತ 8: ಸಮಯ, ಬಸ್ಸು, ಟಾಯ್ಲೆಟ್, ಮುಟ್ಟು

ಸಂಜೆ ಆರಕ್ಕೆ ಮೀಟಿಂಗ್ ಇಡಬೇಡಿ. ಸೈಟ್‌ಗೆ ಅಥವಾ ಹಳ್ಳಿ ಕಡೆ ಕೆಲಸಕ್ಕೆ ಕಳಿಸುವಾಗ ಕೊನೆಯ ಬಸ್ಸು ಎಷ್ಟಕ್ಕೆ, ಅಲ್ಲಿ ನೀರಿರುವ ಟಾಯ್ಲೆಟ್ ಇದೆಯಾ ಅಂತ ಮೊದಲೇ ವಿಚಾರಿಸಿ. ಟಾಯ್ಲೆಟ್ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಬಿಸಿಲಲ್ಲಿ ಕೆಲಸ ಮಾಡುವ ಹೆಂಗಸರನ್ನು ನಾನು ಸೈಟ್‌ಗಳಲ್ಲಿ ನೋಡಿದ್ದೇನೆ. ತಾತ್ಕಾಲಿಕ ಟಾಯ್ಲೆಟ್ ಬಾಡಿಗೆಗೆ ಸಿಗುತ್ತದೆ, ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಿ.

ಕರ್ನಾಟಕ ಸರ್ಕಾರ 2025ರಲ್ಲಿ ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಇದರ ಬಗ್ಗೆ ಆಫೀಸುಗಳಲ್ಲಿ ಕೇಳಿಬಂದ ಜೋಕುಗಳು ನನಗೆ ಬೇಸರ ತಂದವು. ಗಂಡಸರು ಮಾಡಬೇಕಾದ್ದು ಇಷ್ಟೇ: ಯಾಕೆ ಅಂತ ಕೇಳದೆ ರಜೆ ಮಂಜೂರು ಮಾಡಿ, ತಂಡದ ಗುಂಪಿನಲ್ಲಿ "ರಜೆ" ಅಂತ ಮಾತ್ರ ಹಾಕಿ.

ಹಂತ 9: ಕಿರುಕುಳದ ವಿಷಯ ಬಂದಾಗ

ಮೊದಲು ಜೋಕಿನ ಮಾತು. ಹೆಂಗಸರಿಲ್ಲದ ವಾಟ್ಸಾಪ್ ಗುಂಪಿನಲ್ಲಿ ಸಹೋದ್ಯೋಗಿಯ ಫೋಟೋ ಹಾಕಿ ಯಾರೋ ಒಂದು ಮಾತು ಬರೆಯುತ್ತಾರೆ, ನಾಲ್ಕು ಜನ ನಗುವ ಮುಖ ಒತ್ತುತ್ತಾರೆ. ನೀವು ಒತ್ತದೆ ಇದ್ದರೆ ಸಾಲದು. "ಇದು ಬೇಡಪ್ಪ, ತೆಗಿ" ಅಂತ ಅಲ್ಲೇ ಬರೆಯಿರಿ. ಅಲ್ಲಿ ಹೆಂಗಸರು ಇಲ್ಲದಿರುವುದರಿಂದ ಈ ಮಾತು ಹೇಳಬೇಕಾದವರು ನೀವೇ.

ಈಗ ಕಾನೂನು. ರಾಜಸ್ಥಾನದ ಭನ್ವರಿ ದೇವಿ ಅವರಿಗೆ ಸರ್ಕಾರಿ ಕಾರ್ಯಕ್ರಮವೊಂದರಲ್ಲಿ ಬಾಲ್ಯವಿವಾಹ ತಡೆಯುವ ಕೆಲಸವಿತ್ತು. ಆ ಕೆಲಸ ಮಾಡಿದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋಕೆ ಏನೇನು ಮಾಡಬೇಕು ಅಂತ ಹೇಳಿದ ವಿಶಾಖಾ ತೀರ್ಪು ಬಂತು. ಅದು ಕಾಯ್ದೆಯಾಗೋಕೆ 2013ರವರೆಗೆ ಕಾಯಬೇಕಾಯಿತು. ನಾವು ಅರ್ಧ ಗಂಟೆಯ ಆನ್‌ಲೈನ್ ತರಬೇತಿ ಅಂತ ಬೇಗ ಬೇಗ ಒತ್ತಿ ಮುಗಿಸುವ ಪೋಶ್ ಕಾಯ್ದೆ, ಅಂದರೆ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ, ಅದು. ಇಷ್ಟು ಗೊತ್ತಿದ್ದರೆ ಆ ಅರ್ಧ ಗಂಟೆ ಕೂತು ಓದೋಣ ಅನಿಸುತ್ತದೆ.

ಗೊತ್ತಿರಬೇಕಾದ್ದು: 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷತೆ ಹಿರಿಯ ಮಹಿಳೆಯದ್ದು, ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಹೊರಗಿನವರೊಬ್ಬರು. ದೂರನ್ನು ಘಟನೆ ನಡೆದ 3 ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. 10ಕ್ಕಿಂತ ಕಮ್ಮಿ ಜನ ಇರುವ ಅಂಗಡಿ, ಕ್ಲಿನಿಕ್‌ನವರು, ಮಾಲೀಕನ ಮೇಲೆಯೇ ದೂರಿರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಗುತ್ತಿಗೆಯವರು, ಟ್ರೈನಿಗಳು, ಮನೆಗೆಲಸದವರು ಎಲ್ಲರೂ ಇದರಲ್ಲಿ ಬರುತ್ತಾರೆ. ಕಂಪನಿಯ ಕ್ಯಾಬ್ ಕೂಡ ಕೆಲಸದ ಜಾಗವೇ.

ಒಬ್ಬ ಸಹೋದ್ಯೋಗಿ ನಿಮ್ಮ ಹತ್ತಿರ ಬಂದು ಹೇಳಿಕೊಂಡರೆ ಏನು ಮಾಡಬೇಕು? ಫೋನ್ ಕೆಳಗಿಟ್ಟು ಕೇಳಿ. "ಅವನು ಹಾಗಲ್ಲ ಅನ್ಸುತ್ತೆ", "ನೀವು ತಪ್ಪು ತಿಳ್ಕೊಂಡಿರಬಹುದು", "ಅಷ್ಟೊತ್ತಿಗೆ ಅಲ್ಲಿಗೆ ಯಾಕೆ ಹೋದ್ರಿ" ಅನ್ನುವ ಮೂರು ಮಾತು ನಿಮ್ಮ ಬಾಯಲ್ಲಿ ಬರಬಾರದು. "ಹೇಳಿದ್ದು ಒಳ್ಳೆಯದಾಯ್ತು. ಈಗ ನಾನು ಏನು ಮಾಡಿದ್ರೆ ನಿಮಗೆ ಅನುಕೂಲ?" ಅಂತ ಕೇಳಿ. ದೂರು ಕೊಡಬೇಕೋ ಬೇಡವೋ ಅನ್ನುವುದು ಅವರ ತೀರ್ಮಾನ. ನಿಮಗೆ ಸಿಟ್ಟು ಬಂತು ಅಂತ ಹೋಗಿ ಅವನ ಕಾಲರ್ ಹಿಡಿಯಬೇಡಿ, ಆಮೇಲೆ ಕಥೆ ನಿಮ್ಮಿಬ್ಬರದ್ದಾಗಿ ಅವರು ಮೂಲೆಗೆ ಸೇರುತ್ತಾರೆ. ಮೆಸೇಜ್‌ಗಳನ್ನು ಅಳಿಸದೆ ಇಟ್ಟುಕೊಳ್ಳೋಕೆ, ದಿನಾಂಕ, ಸಮಯ, ಜಾಗ ಬರೆದಿಡೋಕೆ ಹೇಳಿ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಹುಡುಕಿಕೊಡಿ. ನೀವು ಕಣ್ಣಾರೆ ನೋಡಿದ್ದರೆ ಸಾಕ್ಷಿ ಹೇಳೋಕೆ ಸಿದ್ಧ ಅಂತ ತಿಳಿಸಿ, ಹೇಳಿದ ಮೇಲೆ ಹಿಂದೆ ಸರಿಯಬೇಡಿ. ಅವರ ಹೆಸರು ಮೂರನೆಯವರ ಕಿವಿಗೆ ನಿಮ್ಮಿಂದ ಬೀಳಬಾರದು, ಕಾನೂನೂ ಅದನ್ನೇ ಹೇಳುತ್ತದೆ. ನೀವು ಅವರ ಮ್ಯಾನೇಜರ್ ಆಗಿದ್ದರೆ, ದೂರು ಕೊಟ್ಟ ಮೇಲೆ ಅವರ ಕೆಲಸ ಕಮ್ಮಿಯಾಗದಂತೆ, ರೇಟಿಂಗ್ ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ದೂರು ಬಂದಿರುವುದು ನಿಮ್ಮ ಸ್ನೇಹಿತನ ಮೇಲಾದರೆ? ಇದು ಕಷ್ಟ, ನನಗೂ ಒಮ್ಮೆ ಬಂದಿತ್ತು. ಅವನ ಪರ ಸಹಿ ಸಂಗ್ರಹಕ್ಕೆ ಬಂದವರಿಗೆ "ಸಮಿತಿ ನೋಡಲಿ" ಅಂತ ಹೇಳಿ ಕಳಿಸಿದೆ. ಸ್ನೇಹ ಸ್ವಲ್ಪ ದಿನ ಹಾಳಾಯಿತು. ಹಾಳಾಗಲಿ.

"ಇನ್ಮೇಲೆ ಹೆಂಗಸರ ಜೊತೆ ಒಬ್ಬರೇ ಮಾತಾಡೋದೇ ಬೇಡ, ಯಾಕೆ ರಿಸ್ಕ್" ಅನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ಹುಡುಗರಿಗೆ ಕೆಲಸ ಹೇಳಿಕೊಡುತ್ತೀರಿ, ಹುಡುಗಿಯರಿಗೆ ಇಲ್ಲ. ಗಾಜಿನ ಕೋಣೆಯಲ್ಲಿ, ಹಗಲು ಹೊತ್ತು, ಕೆಲಸದ ಮಾತು ಮಾತಾಡೋಕೆ ಹೆದರಿಕೆ ಯಾಕೆ?

ಹಂತ 10: ಮನೆಯ ಲೆಕ್ಕ

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರು 88 ನಿಮಿಷ. ಅಂದರೆ ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ವ್ಯತ್ಯಾಸ. ಬೆಳಿಗ್ಗೆ ಒಂಬತ್ತೂವರೆಗೆ ನೀವು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದು ಕೂತಾಗ, ಪಕ್ಕದ ಸೀಟಿನವರು ಅಷ್ಟೊತ್ತಿಗೆ ಒಂದು ಪಾಳಿ ಮುಗಿಸಿ ಬಂದಿರುತ್ತಾರೆ.

ನಿಮ್ಮ ಹೆಂಡತಿ ಕೂಡ ಯಾರದೋ ಆಫೀಸಿನಲ್ಲಿ ಆ ಪಕ್ಕದ ಸೀಟಿನವರೇ. ಅವರಿಗೆ "ಸಹಾಯ" ಮಾಡುವುದು ಬಿಟ್ಟು ಕೆಲವು ಕೆಲಸಗಳನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ. ಡಬ್ಬಿಗೆ ಏನು ಅಂತ ಯೋಚಿಸೋದರಿಂದ ಹಿಡಿದು ಡಬ್ಬಿ ತೊಳೆಯುವವರೆಗೆ. ಶಾಲೆಯ ಡೈರಿಯಲ್ಲಿ ಅಮ್ಮನ ನಂಬರ್ ಮೇಲಿರುತ್ತದೆ, ಅಲ್ಲಿ ನಿಮ್ಮದನ್ನು ಬರೆಸಿ. ಮಗುವಿಗೆ ಜ್ವರ ಅಂತ ಫೋನ್ ನಿಮಗೆ ಬರಲಿ. ಆಫೀಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ "ಮಗಳಿಗೆ ಜ್ವರ, ನಾನು ಹೊರಟೆ" ಅಂತ ಹೇಳಿ ಎದ್ದು ಹೋಗಿ. ನಾನು ಮೊದಲ ಸಲ ಹಾಗೆ ಎದ್ದು ಹೋದ ವಾರವೇ ತಂಡದ ಇನ್ನಿಬ್ಬರು ಅಪ್ಪಂದಿರು ಮಕ್ಕಳ ಶಾಲೆಗೆ ಅಂತ ಅರ್ಧ ದಿನ ರಜೆ ಕೇಳಿದರು.

ಈ ಪಟ್ಟಿಯಲ್ಲಿ ಬಿಟ್ಟುಹೋಗುವವರು

ಇಷ್ಟೆಲ್ಲ ಹೇಳುವಾಗ ನಮ್ಮ ಕಣ್ಣಿಗೆ ಬೀಳುವುದು ಕಂಪ್ಯೂಟರ್ ಮುಂದೆ ಕೂತ ಹೆಂಗಸರು ಮಾತ್ರ. ಬೆಳಿಗ್ಗೆ ಏಳಕ್ಕೆ ಬಂದು ನೆಲ ಒರೆಸಿ, ಟಾಯ್ಲೆಟ್ ತೊಳೆದು, ನಾವು ಬರುವಷ್ಟರಲ್ಲಿ ಮೂಲೆ ಸೇರುವ ಹೌಸ್‌ಕೀಪಿಂಗ್‌ನವರೂ ಇದೇ ಆಫೀಸಿನ ಹೆಂಗಸರು. ಬಹಳ ಕಡೆ ಅವರು ಗುತ್ತಿಗೆಯಲ್ಲಿರುತ್ತಾರೆ. ಅವರಿಗೂ ಆಂತರಿಕ ಸಮಿತಿಗೆ ದೂರು ಕೊಡುವ ಹಕ್ಕಿದೆ, ಆದರೆ ಆ ನೋಟಿಸು ಹಲವು ಆಫೀಸುಗಳಲ್ಲಿ ಇಂಗ್ಲಿಷಿನಲ್ಲೇ ಅಂಟಿಸಿರುತ್ತದೆ. ಅದನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಿ, ಅವರು ಬಟ್ಟೆ ಬದಲಿಸುವ ಕೋಣೆಯಲ್ಲಿ ಹಾಕಿಸಿ. ಪಿಎಫ್, ಇಎಸ್‌ಐ ಕಟ್ಟುತ್ತಿದ್ದಾರಾ ಅಂತ ಗುತ್ತಿಗೆದಾರರ ಬಿಲ್ ಪಾಸ್ ಮಾಡುವಾಗ ಚಲನ್ ಕೇಳಿ ನೋಡಿ.

ನಮ್ಮ ಈಗಿನ ಆಫೀಸಿನಲ್ಲಿ ಅವರು ಐದು ಜನ. ಕ್ಯಾಂಟೀನ್ ಇದ್ದರೂ ಮೆಟ್ಟಿಲ ಕೆಳಗೆ, ಬಕೆಟ್ ಇಡುವ ಜಾಗದಲ್ಲಿ ರಟ್ಟು ಹಾಸಿಕೊಂಡು ಊಟ ಮಾಡುತ್ತಿದ್ದರು. ಕ್ಯಾಂಟೀನಿಗೆ ಬರಬೇಡಿ ಅಂತ ಯಾರೂ ಹೇಳಿರಲಿಲ್ಲವಂತೆ. ಬನ್ನಿ ಅಂತಲೂ ಯಾರೂ ಹೇಳಿರಲಿಲ್ಲ. ಒಂದು ಸೋಮವಾರ ನಾವು ಮೂರು ಜನ ಹೋಗಿ ಕರೆದೆವು. ಮೊದಲ ದಿನ ಬರಲಿಲ್ಲ, ಎರಡನೇ ದಿನವೂ ಇಲ್ಲ. ಗುರುವಾರ ಇಬ್ಬರು ಬಂದರು, ಕಿಟಕಿ ಪಕ್ಕದ ಟೇಬಲ್‌ನಲ್ಲಿ ಕೂತರು. ಈಗ ಐದೂ ಜನ ಅಲ್ಲೇ ಕೂರುತ್ತಾರೆ, ಒಂದು ಗಂಟೆಗೆ.